ಜೈನಾಪುರಕ್ಕೆ ಐದು ಗಂಟೆಯ ಫೋನ್

ಜನವರಿ ೧೮, ಶನಿವಾರ

ಬಬಲೇಶ್ವರದ ಬಸ್ಸಿನಲ್ಲಿ ನಿಂತೇ ಹೋಗಿ ನಿಂತೇ ಬಂದೆ. ಹಿಮ್ಮಡಿ ಸಿಡಿಯುತ್ತಿದೆ. ಆದರೂ ಊಟಕ್ಕೆ ಕೂರುವ ಮೊದಲು ಬರೆದಿಡಬೇಕು, ಇವತ್ತು ನನ್ನ ಕೆಲಸ ಜೈನಾಪುರ ಮುಟ್ಟಿದೆ.

ಆಯಿಗೆ ಮೂರು ಸಲ ಹೇಳಿದರೂ ತಲೆಗೆ ಹೋಗದ್ದನ್ನು ಜೈನಾಪುರದ ಸಾವಂತ್ರವ್ವನಿಗೆ ಒಂದೇ ಸಲಕ್ಕೆ ತಿಳಿಸಿದೆ. ಪುಣೆಯ ಕಂಪನಿಯೊಂದು ಊರೂರಲ್ಲಿ ಹವಾಮಾನದ ಕಂಬ ನೆಟ್ಟಿದೆ. ಸ್ಟೇಷನ್ ರಸ್ತೆಯ ನಮ್ಮ ಆಫೀಸಿನ ಕಂಪ್ಯೂಟರ್ ಗಂಟೆಗೊಮ್ಮೆ ಪುಣೆಯ ಕಂಪ್ಯೂಟರನ್ನು ಕೇಳುತ್ತದೆ, ಇಂಥ ಊರಿಗೆ ಮಳೆ ಬರುವಂತಿದೆಯೇ ಎಂದು. ಇದೆ ಎಂದರೆ ಆ ಊರಿನ ದ್ರಾಕ್ಷಿ ಬೆಳೆಗಾರರ ಫೋನಿಗೆಲ್ಲ ಸಂದೇಶ ಹೋಗುತ್ತದೆ. ಪುಣೆಯಿಂದ ಉತ್ತರದ ಬದಲು ದೋಷ ಬಂದರೆ ನನ್ನ ಫೋನ್ ಕೂಗುತ್ತದೆ, ಆಗ ನಾನೇ ವಿಚಾರಿಸಿ ಊರಿಗೆ ತಿಳಿಸುತ್ತೇನೆ. ಈ ಕೊನೆಯದು ನನ್ನ ಸ್ವಂತ ತಲೆ, ತಿಕೋಟಾದ ಬೆಳೆಗಾರರ ಸಂಘದವರು ಕೇಳಿದ್ದೇ ಅಲ್ಲ.

ಸಂಘದವರು ಜೈನಾಪುರಕ್ಕೆ ಸಾವಂತ್ರವ್ವನನ್ನೇ ಮುಂದಾಳು ಮಾಡಿದ್ದಾರೆ. ಊರಲ್ಲಿ ಒಣದ್ರಾಕ್ಷಿಯ, ಅವರ ಮಾತಿನಲ್ಲಿ ಮಣೂಕದ, ಶೆಡ್ಡು ಇಪ್ಪತ್ತಾರು. ಸಂದೇಶ ಓದಲು ಬಾರದವರಿಗೆಲ್ಲ ಅವಳೇ ಹೇಳುವವಳು. ಅವಳ ಗಂಡ ಗೊಲ್ಲಾಳಪ್ಪ ಬಾಯಿ ಬಿಡುವುದೇ ಚಹಾ ಕುಡಿಯಲು.

“ತಾಡಪತ್ರಿ ಸುಮ್ಮ ಸುಮ್ಮನ ಇಳಿಸಂಗಿಲ್ರಿ ಅಕ್ಕಾರ,” ಅಂದಳು, ದ್ರಾಕ್ಷಿ ಒಣಹಾಕಿದ ಶೆಡ್ಡಿನ ಬಲೆಯನ್ನು ಕೈಯಿಂದ ತಟ್ಟುತ್ತ. “ಗಾಳಿ ನಿಂತ್ರ ಮಣೂಕ ಕೆಂಪಾಗ್ತಾವ. ಮಳಿ ಬಡದ್ರ ಕರ್ರಗ ಆಗ್ತಾವ. ಖರೇನ ಬರತೈತಿ ಅಂದ್ರಷ್ಟ ಹೇಳ್ರಿ.”

“ಅದಕ್ಕ ಮಷೀನ್ ಅದಲ್ರಿ.”

“ಮಷೀನು ಮಾತಾಡಲಿಲ್ಲಂದ್ರ?”

“ನಾ ಇದ್ದೀನಲ್ರಿ ಅವ್ವಾರ. ದಿನಾ ಸಂಜಿ ಐದಕ್ಕ ಪುಣೆದವರ ಮಳಿ ನಕಾಶೆ ನಾನ ಕಣ್ಣಾರೆ ನೋಡ್ತೀನಿ. ನೋಡಿ ಫೋನ್ ಮಾಡ್ತೀನಿ.”

“ಮಳಿ ಇಲ್ಲಂದ್ರೂ ಮಾಡ್ತೀರಿ?”

“ಇಲ್ಲಂದ್ರೂ ಮಾಡ್ತೀನಿ.”

ಸಾವಂತ್ರವ್ವ ಗಂಡನ ಕಡೆ ತಿರುಗಿ ನೋಡಿದಳು. ಅವನು ಚಹಾ ಕುಡಿದ. ಅದು ಒಪ್ಪಿಗೆ ಇರಬೇಕು.

ಆಫೀಸಿಗೆ ಮರಳಿದಾಗ ಸುಶೀಲೇಂದ್ರ ಸರ್ ಕೆಂಪು ರಟ್ಟಿನ ರಿಜಿಸ್ಟರ್ ತೆರೆದಿಟ್ಟು ಕಾಯುತ್ತಿದ್ದರು. ನಮ್ಮಲ್ಲಿ ಎಲ್ಲರಿಗೂ ಒಂದೇ ಪಾಸ್‌ವರ್ಡ್. ಹಾಗಾಗಿ ಯಾರು ಏನು ತಿದ್ದಿದರೂ ರಿಜಿಸ್ಟರಿನಲ್ಲಿ ಒಂದು ಸಾಲು ಬರೆದು ಪಕ್ಕದಲ್ಲಿ ತಮ್ಮ ಹೆಸರಿನ ಮೊದಲ ಅಕ್ಷರ ಹಾಕಬೇಕು. ನಾನು ಹೊರಗಿದ್ದರೆ ಫೋನಿನಲ್ಲಿ ಹೇಳಿದ್ದನ್ನು ಸರ್ ಬರೆದು ‘ಮೃ’ ಹಾಕುತ್ತಾರೆ. “ಎಲ್ಲಾ ಕಡೆ ನಿನ್ನ ಅಕ್ಷರನ ಇರ್ಲಿ ಮೃಣಾಲ, ನೀ ಮುಂದ ಬರಬೇಕು,” ಅಂದರು. ಪುಟ ತಿರುವಿದೆ. ಹೌದು, ಎಲ್ಲ ಕಡೆ ಮೃ, ಮೃ, ಮೃ. ಅಪ್ಪ ತೀರಿಕೊಂಡ ವರ್ಷ ನನ್ನನ್ನು ಕೈಹಿಡಿದು ಈ ಕುರ್ಚಿಯಲ್ಲಿ ಕೂರಿಸಿದವರು ಇವರು. ಹದಿನೈದು ವರ್ಷವಾಯಿತು. ಇಂಥವರು ಸಿಗುವುದಕ್ಕೂ ಪುಣ್ಯ ಬೇಕು.

ಜನವರಿ ೨೭, ಸೋಮವಾರ

ಐದಕ್ಕೆ ನೋಡಿದೆ. ಜೈನಾಪುರ, ಕಾಖಂಡಕಿ, ತಿಕೋಟಾ, ಎಲ್ಲೂ ಮಳೆಯಿಲ್ಲ. ಸಾವಂತ್ರವ್ವನಿಗೆ ಫೋನ್ ಮಾಡಿದೆ. “ನೋಡಿದ್ರ್ಯಾ? ಚಲೋ ಆತು,” ಅಂದು ಇಟ್ಟಳು. ದಿನವೂ ಇದೇ ಎರಡು ಮಾತು.

ಸಂಜೆ ಮಿಲಿಂದ ಬಂದು ಸುಶೀಲೇಂದ್ರ ಸರ್‌ ಅವರನ್ನು ಒಳಗೆ ಕರೆದು ಏನೋ ಪುಣೆಯ ಮೇಲ್ ಬಗ್ಗೆ ಮಾತಾಡಿದ. ಮಿಲಿಂದ ಮಾಲೀಕನಾದರೂ ಸರ್‌ಗಿಂತ ಇಪ್ಪತ್ತು ವರ್ಷ ಚಿಕ್ಕವನು, ಅವರೆದುರು ಕುರ್ಚಿಯಲ್ಲಿ ಒರಗಿ ಕೂರುವುದು ನನಗೆ ಸೇರುವುದಿಲ್ಲ. ಹೊರಬಂದ ಸರ್, “ಸಣ್ಣ ಕೆಲಸ, ನಾ ಮಾಡ್ತೀನಿ ಅಂದೇನಿ,” ಎಂದರು.

ಫೆಬ್ರುವರಿ ೧೨, ಬುಧವಾರ

ಐದಕ್ಕೆ ನೋಡಲು ಆಗಲಿಲ್ಲ, ಆರೂವರೆಗೆ ನೋಡಿದೆ. ಆಕಾಶ ಬೋಳು. ಮಳೆ ಇಲ್ಲ ಎಂದು ಹೇಳಲು ದಿನವೂ ಫೋನ್ ಮಾಡುವುದು ಎಂಥ ಹುಚ್ಚು. ಸಾವಂತ್ರವ್ವನಿಗೆ ಅದನ್ನೇ ಹೇಳಿದೆ. “ಇನ್ನ ಮ್ಯಾಲ ಮಳಿ ಇದ್ರಷ್ಟ ಫೋನ್ ಮಾಡ್ತೀನ್ರಿ. ನೋಡೋದಂತೂ ದಿನಾ ನೋಡ್ತೀನಿ.”

“ಆತ್ರಿ. ನಿಮ್ಮ ಫೋನ್ ಬರಲಿಲ್ಲಂದ್ರ ಮಳಿ ಇಲ್ಲಂತ ತಿಳಕೋತೀನಿ.”

ಜಾಣೆ. ಒಂದು ಕಿರಿಕಿರಿ ಕಳೆಯಿತು.

ಮಾರ್ಚ್ ೯, ಭಾನುವಾರ

ಹನ್ನೊಂದರ ಸುಮಾರಿಗೆ ಸರ್ ಫೋನ್ ಮಾಡಿದರು, ಆಫೀಸಿನಿಂದ. “ಮೃಣಾಲ, ಪುಣೆದವರ ವಿಳಾಸ ಬರದಿರೋ ಫೈಲಿನ ಹೆಸರೇನು?” ಹೇಳಿದೆ. ಭಾನುವಾರವೂ ಯಾಕೆ ಸರ್ ಎಂದರೆ “ಏನಿಲ್ಲ, ಸುಮ್ಮನ ನೋಡ್ಲಿಕ್ಕೆ” ಅಂದರು. ಈ ವಯಸ್ಸಿನಲ್ಲೂ ರಜೆಯ ದಿನ ಬಂದು ಕಲಿಯುವ ಮನುಷ್ಯ. ನನಗೆ ನಾಚಿಕೆಯಾಯಿತು.

ಆಯಿಗೆ ಎಣ್ಣೆ ಹಚ್ಚಿ ತಲೆಗೆ ನೀರು ಹಾಕಿದೆ. ಮಧ್ಯಾಹ್ನ ಹೋಳಿಗೆ. ಜೈನಾಪುರದ ನಕಾಶೆ ತೆರೆಯದೆ ಮೂರು ವಾರವಾದರೂ ಆಗಿರಬೇಕು. ದಿನಾ ನೋಡುತ್ತೇನೆ ಎಂದಿದ್ದೆ, ಸಾವಂತ್ರವ್ವ ಏನು ಬಂದು ನೋಡುತ್ತಾಳೆಯೇ. ತೊಂದರೆಯಿದ್ದರೆ ನನ್ನ ಫೋನ್ ತಾನೇ ಕೂಗುತ್ತದೆ.

ಏಪ್ರಿಲ್ ೨, ಬುಧವಾರ

ಐದೂವರೆಗೆ ಆಫೀಸು ಬಿಟ್ಟು ಆಯಿಯ ಸೀರೆಗೆ ಫಾಲ್ ಹಚ್ಚಲು ಕೊಟ್ಟೆ. ಬಬಲೇಶ್ವರದ ಕಡೆ ಆಕಾಶ ಕಪ್ಪು, ಮಿಂಚೂ ಇತ್ತು. ಇಲ್ಲಿ ಹನಿ ಇಲ್ಲ, ಬರೀ ಧೂಳು. ಫೋನ್ ಕೂಗಿಲ್ಲ. ಅಂದರೆ ಎಲ್ಲ ಸರಿ.

ಏಪ್ರಿಲ್ ೩, ಗುರುವಾರ

ಯಾವುದೂ ಸರಿಯಿಲ್ಲ.

ನಿನ್ನೆ ಆರೂವರೆಗೆ ಜೈನಾಪುರದ ಮೇಲೆ ಅರ್ಧ ಗಂಟೆ ಮಳೆ ಬಡಿದಿದೆ, ಆಲಿಕಲ್ಲಿನ ಜೊತೆ. ತಿಕೋಟಾಕ್ಕೆ ಸಂದೇಶ ಹೋಗಿದೆ, ಕಾಖಂಡಕಿಗೂ ಹೋಗಿದೆ. ಜೈನಾಪುರಕ್ಕೆ ಒಂದೂ ಹೋಗಿಲ್ಲ. ನನ್ನ ಫೋನೂ ಕೂಗಿಲ್ಲ. ಸುದ್ದಿ ತಂದವನು ಮಿಲಿಂದ, ನನ್ನನ್ನು ಕಾರಿನಲ್ಲಿ ಕೂರಿಸಿಕೊಂಡು ಹೋದ.

ಇಪ್ಪತ್ತಾರು ಶೆಡ್ಡಿನಲ್ಲಿ ಹತ್ತೊಂಬತ್ತು ತೆರೆದೇ ಇದ್ದವು. ಬಲೆಯಿಂದ ಕಪ್ಪು ನೀರು ತೊಟ್ಟಿಕ್ಕುತ್ತಿತ್ತು. ಹುಳಿ ವಾಸನೆ ಇನ್ನೂ ನನ್ನ ಸೀರೆಯಲ್ಲಿದೆ. ಮಲಕಾಜಪ್ಪ ಎಂಬವನು ಮಿಲಿಂದನ ಮುಖಕ್ಕೆ ಮುಖ ಕೊಟ್ಟು ನಿಂತ.

“ನಾ ತಾಡಪತ್ರಿ ಇಳಿಸಾಕತ್ತಿದ್ನ್ರಿ. ಈ ಸಾವಂತ್ರವ್ವ ಬ್ಯಾಡ ಅಂದ್ಳು. ಫೋನ್ ಬಂದಿಲ್ಲ, ಮಳಿ ಇಲ್ಲ ಅಂದ್ಳು. ಈಕಿ ಮಾತು ಕೇಳಿ ಊರ ಹಾಳಾತು.”

ಸಾವಂತ್ರವ್ವ ಬಲೆಯ ಕೆಳಗೆ ಕೂತು ಉದುರಿದ್ದನ್ನು ಬುಟ್ಟಿಗೆ ಬಳಿಯುತ್ತಿದ್ದಳು. ತಲೆ ಎತ್ತದೆ ಅಂದಳು:

“ಮ್ವಾಡ ಆಗಿದ್ದು ನಾನೂ ನೋಡೇನ್ರಿ ಅಕ್ಕಾರ. ನಮ್ಮ ಮನಿಯವರೂ ಮುಚ್ಚೂಣು ಅಂದ್ರು. ನಾನ ಅಂದೆ, ಅಕ್ಕಾರ ಐದಕ್ಕ ನೋಡಿರತಾರ, ಮಳಿ ಇದ್ರ ಫೋನ್ ಮಾಡ್ತಿದ್ರು ಅಂತ.”

ಯಾರೋ ನನ್ನ ಕೆಲಸಕ್ಕೆ ಕೈ ಹಾಕಿದ್ದಾರೆ. ನಾನು ಬರೆದ ಪ್ರೋಗ್ರಾಮ್ ಹೀಗೆ ಸುಮ್ಮನಿರುವಂಥದ್ದಲ್ಲ. ಯಾರೆಂದು ಹುಡುಕಿಯೇ ತೀರುತ್ತೇನೆ.

ಏಪ್ರಿಲ್ ೪, ಶುಕ್ರವಾರ

ಬೆಳಿಗ್ಗೆಯಿಂದ ನೀರು ಸಹ ಕುಡಿಯದೆ ಕೂತೆ. ತಲೆ ಚಿಟ್ಟು ಹಿಡಿದಿದೆ, ಆದರೆ ಸಿಕ್ಕಿದೆ. ಮರೆಯುವ ಮೊದಲು ನನಗೆ ನಾನೇ ಹೇಳಿಕೊಳ್ಳುತ್ತೇನೆ.

ಪುಣೆಯವರ ಸೇವೆಗೆ ಒಂದು ವಿವರಣೆಯ ಕಡತ ಇದೆ, ಡಬ್ಲ್ಯೂಎಸ್‌ಡಿಎಲ್ ಅನ್ನುತ್ತಾರೆ. ಏನು ಕೇಳಬಹುದು, ಯಾವ ವಿಳಾಸಕ್ಕೆ ಕೇಳಬೇಕು, ಉತ್ತರ ಯಾವ ರೂಪದಲ್ಲಿ ಬರುತ್ತದೆ ಎಲ್ಲ ಅದರಲ್ಲಿದೆ. ಇಷ್ಟು ವರ್ಷ ಅದರ ಮೇಲಿನ ಅರ್ಧ ಮಾತ್ರ ಓದಿದ್ದೆ. ಕೆಳಗೆ ಇಳಿದರೆ ಒಂದೇ ಸೇವೆಗೆ ಎರಡು ಬಾಗಿಲು. ಒಂದು ಸೋಪ್ ೧.೧, ಇನ್ನೊಂದು ಸೋಪ್ ೧.೨, ಅಂದರೆ ಪ್ರಶ್ನೆ ಉತ್ತರ ಕಳಿಸುವ ಲಕೋಟೆಯ ಹಳೆ ಪದ್ಧತಿ ಮತ್ತು ಹೊಸ ಪದ್ಧತಿ. ನಾನು ಬರೆದದ್ದು ಹಳೆಯ ೧.೧ಕ್ಕೆ. ಈಗ ನಮ್ಮ ಫೈಲಿನಲ್ಲಿ ಇರುವುದು ೧.೨ರ ವಿಳಾಸ, ಲಕೋಟೆಯ ಮೇಲ್ಬರಹವನ್ನೂ ೧.೨ಕ್ಕೆ ಬದಲಿಸಿದ್ದಾರೆ. ಪ್ರಶ್ನೆ ಅದೇ. ಮಳೆಯ ಅಂಕಿ ಬರುವ ಖಾನೆಯೂ ಅದೇ. ಎಲ್ಲ ಸರಿಯಿರುವ ದಿನ ಎರಡಕ್ಕೂ ಭೇದವೇ ಕಾಣದು, ಹಾಗಾಗಿ ಇಷ್ಟು ದಿನ ಯಾರಿಗೂ ಗೊತ್ತಾಗಲಿಲ್ಲ.

ಭೇದ ಇರುವುದು ತಪ್ಪನ್ನು ಹೇಳುವ ರೀತಿಯಲ್ಲಿ. ೧.೧ರಲ್ಲಿ ದೋಷವಾದರೆ ಕಾರಣ ‘ಫಾಲ್ಟ್‌ಸ್ಟ್ರಿಂಗ್’ ಎಂಬ ಖಾನೆಯಲ್ಲಿ ಬರುತ್ತದೆ. ೧.೨ರಲ್ಲಿ ಆ ಖಾನೆಯೇ ಇಲ್ಲ, ‘ರೀಸನ್’ ಎಂಬ ಬೇರೆಯದೇ ಇದೆ. ಬುಧವಾರ ಸಂಜೆ ಜೈನಾಪುರದ ಕಂಬ ತಡವಾಗಿ ಮಾತಾಡಿತು. ಪುಣೆಯವರು ದೋಷ ಕಳಿಸಿದರು, ಹೊಸ ರೀತಿಯಲ್ಲಿ, ‘ಮತ್ತೆ ಕೇಳಿ’ ಎಂದು. ನನ್ನ ಪ್ರೋಗ್ರಾಮ್ ಹಳೆಯ ಖಾನೆ ಹುಡುಕಿತು, ಸಿಗಲಿಲ್ಲ, ಅಂದರೆ ದೋಷವಿಲ್ಲ. ಮಳೆಯ ಅಂಕಿ ಹುಡುಕಿತು, ಸಿಗಲಿಲ್ಲ, ಅಂದರೆ ಮಳೆಯಿಲ್ಲ. ನನ್ನ ಫೋನ್ ಕೂಗಲಿಲ್ಲ.

ಪುಣೆಯವರ ಹಳೆಯ ನಕಾಶೆಗಳನ್ನೂ ತೆರೆದು ನೋಡಿದೆ. ನಕಾಶೆ ಸುತ್ತಲಿನ ಕಂಬಗಳಿಂದಲೂ ಆಗುವುದು. ಬುಧವಾರ ಐದು ಗಂಟೆಗೆ ಜೈನಾಪುರ ಕೆಂಪಗಿತ್ತು, ಕೆಂಪೆಂದರೆ ಮಳೆ.

ಫೈಲ್ ಬದಲಾದದ್ದು ಮಾರ್ಚ್ ೯, ಬೆಳಿಗ್ಗೆ ೧೧:೪೦.

ಏಪ್ರಿಲ್ ೫, ಶನಿವಾರ

ರಿಜಿಸ್ಟರ್ ತೆರೆದೆ. ‘ಮಾರ್ಚ್ ೯. ಪುಣೆ ಸೇವೆ ೧.೨ಕ್ಕೆ ಬದಲಾವಣೆ.’ ಪಕ್ಕದಲ್ಲಿ ‘ಮೃ’.

ಬರವಣಿಗೆ ಸರ್‌ ಅವರದು. ಅಕ್ಷರ ನನ್ನದು.

ರಿಜಿಸ್ಟರನ್ನು ಮೊದಲ ಪುಟದಿಂದ ತಿರುವಿದೆ. ಹತ್ತು ವರ್ಷದ ಪುಟಗಳು. ಮೃ, ಮೃ, ಮೃ. ಒಂದೇ ಒಂದು ‘ಸು’ ಇಲ್ಲ. ಅವರು ಮಾಡಿದ ಕೆಲಸಗಳು ನನಗೆ ಗೊತ್ತಿವೆ, ಪಕ್ಕದಲ್ಲೇ ಕೂತಿದ್ದೆನಲ್ಲ, ಅವಕ್ಕೂ ‘ಮೃ’. ನಾನು ಇದನ್ನು ಪ್ರೀತಿ ಎಂದು ತಿಳಿದಿದ್ದೆ. ನನ್ನಂಥ ಕತ್ತೆ ಇನ್ನೊಂದಿಲ್ಲ.

ಆಯಿಗೆ ಹೇಳಿದೆ. ಲಟ್ಟಣಿಗೆ ನಿಲ್ಲಿಸಿ, “ಅವರು ಹಂಗ ಮಾಡೋರಲ್ಲ. ನಿನಗ ಏನೋ ತಪ್ಪು ತಿಳದದ,” ಎಂದಳು. ಊಟ ಬಿಟ್ಟು ಎದ್ದೆ.

ಏಪ್ರಿಲ್ ೭, ಸೋಮವಾರ

ಮಿಲಿಂದನ ಕೋಣೆ. ಸುಶೀಲೇಂದ್ರ, ನಾನು, ಮೇಜಿನ ಮೇಲೆ ರಿಜಿಸ್ಟರ್.

“ಪುಣೆದವರು ಹಳೇದು ಮಾರ್ಚ್ ಆಖೀರಕ್ಕ ಬಂದ್ ಮಾಡ್ತೀವಿ ಅಂತ ಜನವರಿಯಾಗ ಮೇಲ್ ಹಾಕಿದ್ರು,” ಎಂದ ಮಿಲಿಂದ. “ಸರ್, ನಿಮಗ ಹೇಳಿದ್ದೆ.”

“ನಾ ಮೃಣಾಲಗ ಹೇಳಿದೆ. ಆಕಿ ಮನಿಯಿಂದ ಲ್ಯಾಪ್‌ಟಾಪಿನ್ಯಾಗ ತಿದ್ದಿದ್ಲು. ರಿಜಿಸ್ಟರ್‌ದಾಗ ಬರೀರಿ ಸರ್ ಅಂತ ಫೋನಿನ್ಯಾಗ ಹೇಳಿದ್ಲು. ಬರದೆ. ಯಾವಾಗ್ಲೂ ಹಂಗ ಅಲ್ಲೇನು?”

ಹೀಗೆ ಹೇಳುವಾಗ ಅವರು ನನ್ನನ್ನೇ ನೋಡುತ್ತಿದ್ದರು. ಕಣ್ಣು ಸಹ ಮಿಟುಕಿಸಲಿಲ್ಲ. ಹದಿನೈದು ವರ್ಷ ಅದೇ ಮುಖದಿಂದ ನನಗೆ ಪಾಠ ಹೇಳಿದ್ದಾರೆ.

“ಸುಳ್ಳು,” ಅಂದೆ. “ಫೈಲಿನ ಹೆಸರೇನು ಅಂತ ನೀವ ಕೇಳಿದ್ರಿ.”

ಮಿಲಿಂದ ಕನ್ನಡಕ ತೆಗೆದು ಒರೆಸಿದ. “ಶುಕ್ರವಾರ ತಿಕೋಟಾದಾಗ ಸಂಘದವರು ಕುಂದರತಾರ. ಯಾರು ಮಾಡಿದ್ರು ಅಂತ ಒಂದು ಹೆಸರು ಕೇಳ್ಲಿಕ್ಹತ್ತ್ಯಾರ. ಆ ಹೆಸರಿನವರು ಇಲ್ಲೆ ಇರಾಂಗಿಲ್ಲ. ರಿಜಿಸ್ಟರ್‌ದಾಗ ನಿನ್ನ ಅಕ್ಷರ ಅದ ಮೃಣಾಲ. ನಿನ್ನ ಕಡೆ ಬರದದ್ದು ಏನರ ಅದ ಏನು?”

ಏಪ್ರಿಲ್ ೮, ಮಂಗಳವಾರ

ಸುಶೀಲೇಂದ್ರರನ್ನು ಮೆಟ್ಟಿಲ ಮೇಲೆ ತಡೆದು ನಿಲ್ಲಿಸಿದೆ. ಕೆಳಗಿನ ಬ್ಯಾಟರಿ ಅಂಗಡಿಯ ಸದ್ದಿನಲ್ಲಿ ಯಾರಿಗೂ ಕೇಳದು.

“ಯಾಕ ಸರ್?”

ಅವರು ಮೆಟ್ಟಿಲ ಪಕ್ಕದ ಕಟಾಂಜನ ಹಿಡಿದರು.

“ಎರಡು ಆವೃತ್ತಿಗೆ ಏನು ಭೇದ ಅಂತ ನನಗ ತಿಳೀಲಿಲ್ಲ. ಮೇಲಿನ್ಯಾಗ ಒಂದು ಮಾದರಿ ಕೊಟ್ಟಿದ್ರು, ಅದನ್ನ ಇಳಿಸಿದೆ. ಉತ್ತರ ಬಂತು. ಆತು ಅಂದುಕೊಂಡೆ.”

“ನನ್ನನ್ನ ಕೇಳಬಹುದಿತ್ತಲ್ಲ.”

“ನಿನಗ ಕಲಿಸಿದಾಂವ ನಾನು. ನಿನ್ನ ಹಂತೇಕ ಬಂದು ಹ್ಯಾಂಗ ಕೇಳ್ಲಿ?” ಆಮೇಲೆ ದನಿ ತಗ್ಗಿಸಿದರು. “ನಿನಗ ಇನ್ನೊಂದು ಕೆಲಸ ಸಿಗತದ ಮೃಣಾಲ. ಐವತ್ತೇಳು ಆದಾಂವಗ ಯಾರು ಕೊಡ್ತಾರ? ಇಷ್ಟು ಮಾಡೇನಿ ನಿನಗ, ಇದೊಂದು ನುಂಗಿಕೋ.”

ಇಷ್ಟು ಮಾಡೇನಿ. ಅಂದರೆ ಲೆಕ್ಕ ಇಟ್ಟಿದ್ದರು, ನಾನು ಮಾತ್ರ ಋಣ ಎಂದು ಕಣ್ಣಿಗೆ ಒತ್ತಿಕೊಳ್ಳುತ್ತಿದ್ದೆ. ಮೆಟ್ಟಿಲಿಳಿದು ರಿಕ್ಷಾ ಹತ್ತಿದೆ.

ಮಿಲಿಂದ ಕೇಳಿದ ‘ಬರೆದದ್ದು’ ತಟ್ಟನೆ ಹೊಳೆದದ್ದು ರಿಕ್ಷಾದಲ್ಲಿ.

ಏಪ್ರಿಲ್ ೯, ಬುಧವಾರ

ಈ ದಿನಚರಿಯ ಮಾರ್ಚ್ ೯ರ ಪುಟ. ಮೇಲಿನ ಅರ್ಧದಲ್ಲಿ ಎಲ್ಲ ಇದೆ: ಹನ್ನೊಂದು ಗಂಟೆ, ಸುಶೀಲೇಂದ್ರರ ಫೋನು, ಫೈಲಿನ ಹೆಸರು ಕೇಳಿದ್ದು. ಓದುತ್ತ ಆನಂದಕ್ಕೆ ಕಣ್ಣೀರು ಬಂತು. ಆಮೇಲೆ ಕೆಳಗಿನ ಅರ್ಧ ಓದಿದೆ.

ನಾಲ್ಕು ಸಲ ಓದಿದೆ. ಇದನ್ನು ನಾನು ಬರೆದಿದ್ದೇನೆಯೇ? ಅಕ್ಷರ ನನ್ನದೇ.

ಅದು ಬೇರೆ ವಿಷಯ. ಬಾಗಿಲು ಬದಲಿಸಿದವರು ಯಾರು ಎಂಬುದಕ್ಕೂ ಇದಕ್ಕೂ ಸಂಬಂಧವಿಲ್ಲ.

ಸ್ಟೇಷನ್ ರಸ್ತೆಯ ಜುಬೇರನ ಝೆರಾಕ್ಸ್ ಅಂಗಡಿಗೆ ಹೋದೆ. ಪುಟದ ಕೆಳಭಾಗಕ್ಕೆ ಒಂದು ಬಿಳಿ ಹಾಳೆ ಮಡಚಿ ಇಟ್ಟುಕೊಟ್ಟೆ. ಜುಬೇರ ಗಾಜಿನ ಮೇಲೆ ಇಡುತ್ತ ಕೇಳಿದ, “ಪೂರಾ ಬ್ಯಾಡ್ರಿ ಮೇಡಂ?”

“ಬ್ಯಾಡ. ಅಷ್ಟ ಸಾಕು.”

ಏಪ್ರಿಲ್ ೧೦, ಗುರುವಾರ

ಮಿಲಿಂದ ಓದಿದ, ಎರಡು ಸಲ ಓದಿದ, ಹಾಳೆಯನ್ನು ಮೇಜಿನಾಚೆ ತಳ್ಳಿದ. ಸುಶೀಲೇಂದ್ರ ಓದಿದರು. ಅಲ್ಲಗಳೆಯಲಿಲ್ಲ. ಅವರ ಮುಖ ಇಳಿದುಹೋದದ್ದನ್ನು ನೋಡಿ ನನಗೆ ಖುಷಿಯಾಯಿತು, ಯಾಕೆ ಸುಳ್ಳು ಬರೆಯಲಿ.

ಹೊರಬರುವಾಗ ಬಾಗಿಲಲ್ಲಿ ನಿಂತು ಮೆಲ್ಲಗೆ ಕೇಳಿದರು: “ಕೆಳಗಿನ ಅರ್ಧ ಪುಟ ಯಾಕ ಬೆಳ್ಳಗ ಅದ?”

“ಅದು ನನ್ನ ಸ್ವಂತದ್ದು.”

ತಲೆಯಾಡಿಸಿದರು. ಟಿಫಿನ್ ಡಬ್ಬಿ ಎತ್ತಿಕೊಂಡು ಹೋದರು. ನಾಳೆಯಿಂದ ಬರುವುದಿಲ್ಲ.

ಆಯಿ ನನ್ನೊಡನೆ ಮಾತಾಡಿಲ್ಲ. ಆಡದಿರಲಿ. ಕೈ ಕೊಟ್ಟವರು ಅವರು, ನಾನಲ್ಲ.

ಏಪ್ರಿಲ್ ೧೧, ಶುಕ್ರವಾರ

ತಿಕೋಟಾದ ಸಂಘದ ಸಭೆ. ಮನೆಗೆ ಬಂದು ಕೈಕಾಲು ಸಹ ತೊಳೆಯದೆ ಬರೆಯುತ್ತಿದ್ದೇನೆ.

ಅರವತ್ತು ಜನ ಇದ್ದರು. ಮಿಲಿಂದ ಎದ್ದು ನಿಂತು ಎಲ್ಲ ಹೇಳಿದ: ಎರಡು ಬಾಗಿಲು, ಹಿರಿಯ ಉದ್ಯೋಗಿಯೊಬ್ಬರ ತಪ್ಪು, ಅವರನ್ನು ಕೆಲಸದಿಂದ ತೆಗೆದದ್ದು. ನನ್ನ ಅರ್ಧ ಪುಟವನ್ನೂ ಎತ್ತಿ ತೋರಿಸಿದ. ಮಲಕಾಜಪ್ಪ ಒಪ್ಪಲಿಲ್ಲ. “ಅದೆಲ್ಲಾ ನಿಮ್ಮ ಮನಿ ಮಾತಾತ್ರಿ. ಈ ಬಾಯಾರು ಊರಿಗೆ ಬಂದು ಮಾತು ಕೊಟ್ಟಿದ್ರಲ್ಲ, ಇವರೇನು ಮಾಡಾಕತ್ತಿದ್ರು?”

ಹಿಂದಿನ ಸಾಲಿನಿಂದ ಸಾವಂತ್ರವ್ವ ಎದ್ದಳು. ಮಳೆಯಾದಂದಿನಿಂದ ಊರಲ್ಲಿ ಅವಳೊಡನೆ ಯಾರೂ ನೆಟ್ಟಗೆ ಮಾತಾಡುತ್ತಿಲ್ಲ. ಬಾವಿಕಟ್ಟೆಯಲ್ಲಿ ಅವಳು ಬಂದರೆ ಉಳಿದವರು ಕೊಡ ಎತ್ತಿಕೊಂಡು ಹೋಗುತ್ತಾರೆ ಎಂದು ಗೊಲ್ಲಾಳಪ್ಪ ಹೊರಗೆ ಹೇಳಿದ್ದ. ಅಂಥವಳು ಎದ್ದು ನಿಂತು ಅಂದಳು:

“ಈ ಅಕ್ಕಾರಿಗೆ ಯಾರೂ ಅನಬ್ಯಾಡ್ರಿ. ದಿನಾ ಐದಕ್ಕ ಕಣ್ಣಾರೆ ನೋಡ್ತಿದ್ರು ಅವರು. ಅವತ್ತೂ ನೋಡ್ಯಾರ. ಮಷೀನ ಅವರಿಗೂ ಸುಳ್ಳು ಹೇಳೇತಿ, ಅವರೇನು ಮಾಡತಾರ? ಅವರ ಮಾತಿಗೆ ನಾ ಜಾಮೀನು.”

ಮಲಕಾಜಪ್ಪ ಕೂತ. ಅಲ್ಲಿಗೆ ಎಲ್ಲ ಮುಗಿದಿತ್ತು. ನಾನು ಕೈಮುಗಿದು ಕೂತಿದ್ದರೆ ಸಾಕಿತ್ತು, ನನ್ನ ಹೆಸರು ಉಳಿಯುತ್ತಿತ್ತು.

ದಿನಚರಿ ಚೀಲದಲ್ಲೇ ಇತ್ತು. ಯಾವಾಗ ಎದ್ದೆನೋ ಗೊತ್ತಿಲ್ಲ. ಮಾರ್ಚ್ ೯ರ ಪುಟ ತೆಗೆದು ಕೆಳಗಿನ ಅರ್ಧ ಓದಿದೆ. ‘ಜೈನಾಪುರದ ನಕಾಶೆ ತೆರೆಯದೆ ಮೂರು ವಾರವಾದರೂ ಆಗಿರಬೇಕು. ದಿನಾ ನೋಡು‌ತ್ತೇನೆ ಎಂದಿದ್ದೆ, ಸಾವಂತ್ರವ್ವ ಏನು ಬಂದು ನೋಡುತ್ತಾಳೆಯೇ.’ ಕೊನೆಯ ಸಾಲಿನವರೆಗೆ ಓದಿದೆ. ಆಮೇಲೆ ಹೇಳಿದೆ: “ಅವತ್ತೂ ನಾ ನೋಡಿಲ್ರಿ. ಐದಕ್ಕ ನೋಡಿದ್ರ ಜೈನಾಪುರ ಕೆಂಪಗ ಕಾಣತಿತ್ತು. ಮುಚ್ಚಾಕ ನಿಮಗ ಒಂದೂವರಿ ತಾಸು ಸಿಗತಿತ್ತು. ಸಾವಂತ್ರವ್ವನ ತಪ್ಪೇನೂ ಇಲ್ಲ. ಅವರು ನನ್ನ ನಂಬಿದ್ರು.”

ಮಿಲಿಂದ ಹಣೆ ಹಿಡಿದುಕೊಂಡ. ಮಲಕಾಜಪ್ಪ ಏನೋ ಅಂದ, ನನಗೆ ಕೇಳಿಸಲಿಲ್ಲ. ನಾನು ಹಿಂದಿನ ಸಾಲನ್ನೇ ನೋಡುತ್ತಿದ್ದೆ. ಸಾವಂತ್ರವ್ವ ಇನ್ನೂ ನಿಂತೇ ಇದ್ದಳು. ನನ್ನ ಮುಖವನ್ನು ಒಮ್ಮೆ ನೋಡಿದಳು, ನಾನು ಸೋಮವಾರ ಮಿಲಿಂದನ ಕೋಣೆಯಲ್ಲಿ ಸರ್‌ ಮುಖ ನೋಡಿದ ಹಾಗೆ. ಸೆರಗು ತಲೆಯ ಮೇಲೆ ಎಳೆದುಕೊಂಡು ಹೊರಗೆ ಹೋದಳು.

ಏಪ್ರಿಲ್ ೧೨, ಶನಿವಾರ

ಮಿಲಿಂದ ನನ್ನನ್ನು ಕೆಲಸದಿಂದ ತೆಗೆದಿಲ್ಲ. “ನಿನ್ನನ್ನೂ ತಗದ್ರ ಇದನ್ನ ತಿದ್ದೋರು ಯಾರು?” ಅಂದ. ತಿದ್ದಿದೆ. ಈಗ ‘ರೀಸನ್’ ಖಾನೆಯನ್ನೂ ಓದುತ್ತದೆ, ಮಳೆಯ ಅಂಕಿ ಸಿಗದಿದ್ದರೆ ಮಳೆಯಿಲ್ಲ ಎಂದುಕೊಳ್ಳದೆ ‘ಗೊತ್ತಿಲ್ಲ’ ಎಂದು ನನ್ನನ್ನು ಕೂಗುತ್ತದೆ. ರಿಜಿಸ್ಟರಿನಲ್ಲಿ ಬರೆದು ‘ಮೃ’ ಹಾಕಿದೆ.

ಐದು ಗಂಟೆ. ನೋಡಿದೆ. ಜೈನಾಪುರ, ಮಳೆಯಿಲ್ಲ. ಫೋನ್ ಮಾಡಿದೆ. ಸಾವಂತ್ರವ್ವ ಎತ್ತಲಿಲ್ಲ.

ಏಪ್ರಿಲ್ ೧೩, ಭಾನುವಾರ

ಐದಕ್ಕೆ ನೋಡಿದೆ. ಮಳೆಯಿಲ್ಲ. ಎತ್ತಲಿಲ್ಲ.

ಆಯಿ ಮಾವಿನಕಾಯಿ ಚಿತ್ರಾನ್ನದ ಡಬ್ಬಿ ಕಟ್ಟಿ ಕೈಗೆ ಕೊಟ್ಟಳು. ಸರ್ ಮನೆಗೆ ಕೊಟ್ಟು ಬಾ ಎಂದು ಹೇಳಲಿಲ್ಲ, ನಾನೂ ಯಾರಿಗೆ ಎಂದು ಕೇಳಲಿಲ್ಲ. ಅವರ ಓಣಿಯ ತಿರುವಿನವರೆಗೆ ಹೋಗಿ ಹಿಂದಕ್ಕೆ ಬಂದೆ. ಅವರು ಮಾಡಿದ್ದನ್ನು ನಾನು ಕ್ಷಮಿಸಿಲ್ಲ. ಡಬ್ಬಿ ಅಡುಗೆಮನೆಯ ಕಟ್ಟೆಯ ಮೇಲಿದೆ.

ಏಪ್ರಿಲ್ ೧೫, ಮಂಗಳವಾರ

ಐದಕ್ಕೆ ನೋಡಿದೆ. ಮಳೆಯಿಲ್ಲ. ಎತ್ತಲಿಲ್ಲ.

ಏಪ್ರಿಲ್ ೧೭, ಗುರುವಾರ

ಐದಕ್ಕೆ ನೋಡಿದೆ. ಜೈನಾಪುರಕ್ಕೆ ಮಳೆಯಿಲ್ಲ. ಫೋನ್ ಮಾಡಿದೆ. ಹತ್ತು ಸಲ ಬಾರಿಸಿದ ಮೇಲೆ ಯಾರೋ ಎತ್ತಿದರು. ಗೊಲ್ಲಾಳಪ್ಪ.

“ಇವತ್ತು ಮಳಿ ಇಲ್ರಿ,” ಅಂದೆ. “ಅವ್ವಾರಿಗೆ ಹೇಳ್ರಿ.”

“ಆಕಿ ಮನ್ಯಾಗಿಲ್ರಿ. ಶೆಡ್ಡಿನ ಹೊರಗ ನಿಂತಾಳ, ಮ್ವಾಡ ನೋಡಾಕ.” ಚಹಾ ಹೀರಿದ ಸದ್ದು ಕೇಳಿತು. “ಈಗ ದಿನಾ ಐದಕ್ಕ ತಾನ ನೋಡತಾಳ್ರಿ.”